ಆರರಿಂದ ಹತ್ತು ಗಂಟೆ, ಅಂಗಡಿಗೆ ಆರು ಕಿಲೋಮೀಟರ್

ಓದುಗರ ಪ್ರಶ್ನೆ, ಮೇಡಂ ಉತ್ತರ

ಕಳೆದ ಸಂಚಿಕೆಯಲ್ಲಿ ಅಡಿಕೆ ಧಾರಣೆ ಬಗ್ಗೆ ಉತ್ತರ ಬರೆಯುವಾಗ ಒಂದು ಸಾಲು ಸೇರಿಸಿದ್ದೆ: ಕೋವಿಡ್ ಲಾಕ್‌ಡೌನಿನಲ್ಲಿ ಯಾರ ಕೈಯಿಂದ ಎಷ್ಟು ಹೋಯಿತು, ಯಾರಿಗೆ ಏನು ಉಳಿಯಿತು ಎಂದು ನಾವಿನ್ನೂ ಕೂತು ಲೆಕ್ಕ ಹಾಕಿಲ್ಲ ಅಂತ. ಸುಮ್ನೆ ಬರೆದದ್ದು. ಅಡಿಕೆ ಬಗ್ಗೆ ಎರಡೇ ಪತ್ರ ಬಂದವು, ಲಾಕ್‌ಡೌನ್ ಬಗ್ಗೆ ಒಂದು ಚೀಲ. ಹಾಗಾಗಿ ಈ ಸಲ ಪೂರ್ತಿ ಅದೇ. ಹೊಸ ಓದುಗರಿಗೆ ಒಂದು ಮಾತು: ನಾನು ಪಿಯು ಕಾಲೇಜಿನಲ್ಲಿ 29 ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳು. ಈಗ ತಾಳಗುಪ್ಪದ ಹತ್ತಿರದ ಹಳ್ಳಿಯಲ್ಲಿ ಒಂದೂಕಾಲು ಎಕರೆ ತೋಟ ನೋಡಿಕೊಂಡಿದ್ದೇನೆ. ಡಾಕ್ಟರಲ್ಲ. ಲೆಕ್ಕ ಕೇಳಿ, ಔಷಧಿ ಕೇಳಬೇಡಿ.

ಪ್ರಶ್ನೆ: ನನ್ನ ಅಳಿಯ ಸ್ವೀಡನ್ನಿನಲ್ಲಿದ್ದಾನೆ. "ಮಾವ, ನಮ್ಮಲ್ಲಿ ಲಾಕ್‌ಡೌನೇ ಮಾಡಲಿಲ್ಲ, ಏನೂ ಆಗಲಿಲ್ಲ, ನೀವು ಸುಮ್ಮನೆ ಬಾಗಿಲು ಹಾಕಿಕೊಂಡು ಕೂತಿರಿ" ಎಂದು ಊರಿಗೆ ಬಂದಾಗಲೆಲ್ಲ ಹಂಗಿಸುತ್ತಾನೆ. ಏನು ಹೇಳಲಿ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ)

ಉತ್ತರ: ಅಳಿಯನ ಹತ್ತಿರ ವಾದ ಗೆದ್ದ ಮಾವನನ್ನು ನಾನಂತೂ ನೋಡಿಲ್ಲ. ಆದರೂ ಒಂದೆರಡು ಸಂಗತಿ ಕೈಯಲ್ಲಿರಲಿ.

ಸ್ವೀಡನ್ನಿನಲ್ಲಿ ಏನೂ ಮಾಡಲಿಲ್ಲ ಅನ್ನುವುದು ತಪ್ಪು. 2020ರ ಮಾರ್ಚ್ ಕೊನೆಗೇ 50ಕ್ಕಿಂತ ಹೆಚ್ಚು ಜನ ಸೇರಬಾರದು ಅಂದರು. ವೃದ್ಧಾಶ್ರಮಗಳಿಗೆ ನೋಡಲು ಹೋಗುವುದನ್ನು ನಿಲ್ಲಿಸಿದರು. ಹದಿನಾರು ದಾಟಿದ ಮಕ್ಕಳಿಗೆ ಮನೆಯಿಂದಲೇ ಪಾಠ. ಚಿಕ್ಕ ಮಕ್ಕಳ ಶಾಲೆ, ಅಂಗಡಿ, ಹೋಟೆಲು ತೆರೆದಿದ್ದವು, ಅದು ನಿಜ. ಇನ್ನೊಂದು ಕೆಲಸ ಮಾಡಿದರು, ಅದನ್ನು ಯಾರೂ ಹೇಳುವುದಿಲ್ಲ. ಕಾಯಿಲೆ ಬಿದ್ದು ಮನೆಯಲ್ಲಿ ಕೂತವರಿಗೆ ಮೊದಲ ದಿನದ ಹಣವೂ ಸಿಗುವ ಹಾಗೆ ಮಾಡಿದರು. ನಮ್ಮ ತೋಟಕ್ಕೆ ಬರುವ ಆಳಿಗೆ ಜ್ವರ ಬಂದರೆ ಮೊದಲ ದಿನದಿಂದಲೇ ಕೂಲಿ ಇಲ್ಲ. ಹಾಗಿದ್ದಾಗ "ಮನೆಯಲ್ಲಿರಿ" ಎಂಬ ಒಂದೇ ಮಾತು ಅಲ್ಲಿ ಒಂದು ಥರ, ಇಲ್ಲಿ ಇನ್ನೊಂದು ಥರ ಕೇಳಿಸುತ್ತದೆ ಅಲ್ವಾ?

ಇನ್ನು ಸಾವಿನ ಲೆಕ್ಕ. ಸ್ವೀಡನ್ನನ್ನು ನಮ್ಮ ಜೊತೆ ಹೋಲಿಸುವುದಕ್ಕಿಂತ ಅದರ ಪಕ್ಕದ ನಾರ್ವೆ ಜೊತೆ ಹೋಲಿಸಬೇಕು. ಚಳಿ, ಮನೆ, ಆಸ್ಪತ್ರೆ, ಜನರ ಸ್ವಭಾವ ಎಲ್ಲ ಹೆಚ್ಚು ಕಡಿಮೆ ಒಂದೇ. ನಾರ್ವೆ 2020ರ ಮಾರ್ಚ್ 12ಕ್ಕೇ ಬಾಗಿಲು ಹಾಕಿತು. ಆ ವರ್ಷದ ಕೊನೆಗೆ ಲೆಕ್ಕ ಮಾಡಿದರೆ ಲಕ್ಷ ಜನರಿಗೆ ಇಷ್ಟು ಸಾವು ಎಂಬ ಅಳತೆಯಲ್ಲಿ ಸ್ವೀಡನ್ನಿನದು ನಾರ್ವೆಯ ಹತ್ತು ಪಟ್ಟು ಮೀರಿತ್ತು. ಅಷ್ಟಕ್ಕೇ ನಿಲ್ಲಿಸಿದರೆ ನೀವು ಗೆದ್ದಿರಿ. ಆದರೆ ಅಳಿಯ ಬುದ್ಧಿವಂತನಾದರೆ 2022ರವರೆಗೆ ಲೆಕ್ಕ ಎಳೆಯುತ್ತಾನೆ. ಮೂರು ವರ್ಷ ಒಟ್ಟು ಸೇರಿಸಿದರೆ, ಮಾಮೂಲಿಗಿಂತ ಎಷ್ಟು ಜಾಸ್ತಿ ಜನ ಸತ್ತರು ಎಂಬ ಲೆಕ್ಕದಲ್ಲಿ ಯೂರೋಪಿನಲ್ಲೇ ಕಡಿಮೆ ಇರುವ ದೇಶಗಳಲ್ಲಿ ಸ್ವೀಡನ್ನೂ ಒಂದು. ಆಗ ಅವನು ಗೆದ್ದ. ಹಾಗಾಗಿ ಯಾವ ತಾರೀಖಿಗೆ ಲೆಕ್ಕ ನಿಲ್ಲಿಸುತ್ತೀಯಪ್ಪ ಎಂದು ಮೊದಲೇ ಕೇಳಿಬಿಡಿ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಪ್ರತಿ ದೇಶದ ನಿರ್ಬಂಧ ಎಷ್ಟು ಬಿಗಿ ಎಂದು ನೂರಕ್ಕೆ ಅಂಕ ಕೊಡುತ್ತಿದ್ದರು. 2020ರ ಮಾರ್ಚ್ ಕೊನೆಗೆ ಭಾರತಕ್ಕೆ ನೂರಕ್ಕೆ ನೂರು. ಆ ಅಂಕ ಆದೇಶದ ಕಾಗದಕ್ಕೆ ಕೊಟ್ಟದ್ದು. ನಿಮ್ಮ ತೀರ್ಥಹಳ್ಳಿ ಪೇಟೆಯಲ್ಲಿ ಆ ಕಾಗದ ಎಷ್ಟು ಜಾರಿಯಾಯಿತು ಎಂಬುದು ನಿಮಗೇ ಗೊತ್ತು.

ಪ್ರಶ್ನೆ: ಮೇಡಂ, ನಾನು ಬಿ.ಎ. ಕೊನೆ ವರ್ಷದಲ್ಲಿದ್ದೇನೆ. "ಲಾಕ್‌ಡೌನ್: ಲಾಭ ಮತ್ತು ನಷ್ಟ" ಎಂದು ಸೆಮಿನಾರ್ ಕೊಟ್ಟಿದ್ದಾರೆ. ಜೀವಕ್ಕೆ ಬೆಲೆ ಕಟ್ಟುವುದು ಹೇಗೆ? ಒಂದು ಜಿಲ್ಲೆಯನ್ನು ಇನ್ನೊಂದರ ಜೊತೆ ಹೋಲಿಸುವುದು ಹೇಗೆ?
(ವಿದ್ಯಾರ್ಥಿನಿ, ಸಾಗರ)

ಉತ್ತರ: ನೋಡಮ್ಮ, ಜೀವಕ್ಕೆ ಬೆಲೆ ಕಟ್ಟುವ ಸೂತ್ರ ಪಠ್ಯಪುಸ್ತಕದಲ್ಲಿದೆ. ಅದನ್ನು ಬರೆದು ಮಾರ್ಕ್ಸ್ ತಗೋ. ನಾನು ಬೇರೆ ಹೇಳುತ್ತೇನೆ.

ಲಾಕ್‌ಡೌನ್ ಅನ್ನುವುದು ಒಂದು ಸಾಮಾನಲ್ಲ, ಅದೊಂದು ಕಿರಾಣಿ ಚೀಟಿ. ಮದುವೆಗೆ ಇಷ್ಟೇ ಜನ ಎಂಬುದು ಅದರಲ್ಲಿದೆ. ಅಂಗಡಿ ಇಷ್ಟೇ ಹೊತ್ತು ಎಂಬುದಿದೆ. ಬಸ್ಸು ನಿಲ್ಲಿಸಿದ್ದು, ಶಾಲೆ ಮುಚ್ಚಿದ್ದು, ಗಡಿಯಲ್ಲಿ ಬ್ಯಾರಿಕೇಡ್ ಇಟ್ಟದ್ದು, ಎಲ್ಲ ಇವೆ. ಒಂದೊಂದಕ್ಕೂ ಬೇರೆ ರೇಟು, ಬೇರೆ ಉಪಯೋಗ. ಚೀಟಿಯ ಕೆಳಗಿನ ಒಟ್ಟು ಮೊತ್ತ ಹಿಡಿದು ಜಗಳ ಆಡಿದರೆ ಯಾವುದು ದುಬಾರಿ ಬಿತ್ತು ಎಂದು ಗೊತ್ತಾಗುವುದೇ ಇಲ್ಲ.

ನನ್ನ ಹತ್ತಿರ ಮನೆಖರ್ಚಿನ ಪುಸ್ತಕವಿದೆ. 2021ರ ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಊರಿನ ಸುದ್ದಿ ಗೀಚಿದ್ದೇನೆ. ಏಪ್ರಿಲ್ ಎರಡನೇ ವಾರ ನಮ್ಮ ಕೇರಿಯಲ್ಲಿ ಒಂದು ಮದುವೆ. ಮುನ್ನೂರು ಎಲೆ ಎದ್ದವು. ಹತ್ತು ದಿನದಲ್ಲಿ ಕೇರಿಯಲ್ಲಿ 19 ಜನಕ್ಕೆ ಪಾಸಿಟಿವ್, ಇಬ್ಬರು ತೀರಿಕೊಂಡರು. ಮೇ ಕೊನೆಗೆ ಇನ್ನೊಂದು ಮದುವೆ. ಆಗ ಮನೆಯಲ್ಲೇ, 40 ಜನ ಮಾತ್ರ ಎಂಬ ನಿಯಮ. ಯಾರಿಗೂ ಏನೂ ಆಗಲಿಲ್ಲ. ಎರಡು ಮದುವೆ ನೋಡಿ ಸಿದ್ಧಾಂತ ಮಾಡಬೇಡ, ನಿನ್ನ ಗೈಡ್ ಬೈಯುತ್ತಾರೆ. ಆದರೆ ಜನ ಒಟ್ಟಿಗೆ ಕೂತು ಉಣ್ಣುವುದನ್ನು ತಡೆದ ನಿಯಮ ಕೊಟ್ಟಷ್ಟು ಲಾಭವನ್ನು ಇನ್ನೊಂದು ನಿಯಮ ಕೊಟ್ಟದ್ದನ್ನು ನಾನು ಕಾಣಲಿಲ್ಲ. ಅದೂ ಪುಕ್ಕಟೆ ಅಲ್ಲ ಅನ್ನು. ಅಡುಗೆಯವರು, ಶಾಮಿಯಾನದವರು, ಬಡಿಸುವ ಹುಡುಗರು ಸತತ ಎರಡು ಸೀಸನ್ ಕೈಕಟ್ಟಿ ಕೂತರು.

ಈಗ ಅಂಗಡಿ ಹೊತ್ತು. 2021ರ ಏಪ್ರಿಲ್ 27ರಿಂದ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಕಿರಾಣಿ. ಮೇ 10ರಿಂದ ಇನ್ನೂ ಬಿಗಿ: ಸಾಮಾನು ತರಲು ಗಾಡಿ ತೆಗೆಯಬಾರದು, ನಡೆದೇ ಹೋಗಬೇಕು. ಬೆಂಗಳೂರಿನ ಬಡಾವಣೆಯಲ್ಲಿ ಕೂತು ಬರೆದ ನಿಯಮ ಅದು, ಮೂಲೆಗೊಂದು ಅಂಗಡಿ ಇರುವ ಕಡೆಗೆ. ನಮ್ಮ ಮನೆಯಿಂದ ಅಂಗಡಿಗೆ ಆರು ಕಿಲೋಮೀಟರ್. ಹೋಗಲು ಒಂದೂಕಾಲು ಗಂಟೆ, 25 ಕೆಜಿ ಅಕ್ಕಿ ಮೂಟೆ ಹೊತ್ತು ಬರಲು ಎಷ್ಟೋ. ಎಲ್ಲರೂ ಬೈದ ಮೇಲೆ ಗಾಡಿಗೆ ಬಿಟ್ಟರು. ಆದರೂ ನಾಲ್ಕು ಗಂಟೆ ನಾಲ್ಕೇ ಗಂಟೆ. ದಿನವಿಡೀ ಒಬ್ಬೊಬ್ಬರೇ ಬಂದು ಹೋಗುವ ಅಂಗಡಿ ಮುಂದೆ ಒಂಬತ್ತಕ್ಕೆ ಇಡೀ ಸುತ್ತಮುತ್ತಲ ಹಳ್ಳಿ. ಮಾಸ್ಕ್ ಗಲ್ಲದ ಕೆಳಗೆ, ಕೈಯಲ್ಲಿ ಎಣ್ಣೆ ಕ್ಯಾನು, "ನಂದು ಮೊದಲು ಕೊಡಿ ಮಾರಾಯ್ರೆ" ಎಂಬ ಕೂಗು. ಅವಧಿ ಕಡಿಮೆ ಮಾಡಿದಷ್ಟೂ ಗುಂಪು ಜಾಸ್ತಿ. ಖರ್ಚು ಪೂರ್ತಿ ಕೊಟ್ಟು ಲಾಭದ ಬದಲು ನಷ್ಟ ತಂದುಕೊಂಡ ನಿಯಮ ಯಾವುದು ಅಂದರೆ ನನ್ನ ಲೆಕ್ಕದಲ್ಲಿ ಇದು.

ಜಿಲ್ಲೆ ಜಿಲ್ಲೆ ಹೋಲಿಸುವುದಕ್ಕೆ ನಿನಗೆ ಒಳ್ಳೆಯ ತಾರೀಖು ಕೊಡುತ್ತೇನೆ: 2021ರ ಜೂನ್ 14. ಅಂದು 20 ಜಿಲ್ಲೆಗಳಿಗೆ ಸಡಿಲಿಕೆ ಕೊಟ್ಟರು, ಮಧ್ಯಾಹ್ನ 2ರವರೆಗೆ ಅಂಗಡಿ, ಆಟೋ ಓಡಾಟ. 11 ಜಿಲ್ಲೆಗಳಿಗೆ ಕೊಡಲಿಲ್ಲ. ಶಿವಮೊಗ್ಗ ಆ 11ರಲ್ಲಿತ್ತು, ಚಿಕ್ಕಮಗಳೂರು, ಹಾಸನ, ದಾವಣಗೆರೆಯೂ ಇದ್ದವು. ಉತ್ತರ ಕನ್ನಡ, ಹಾವೇರಿ ತೆರೆದವು. ಅಂದರೆ ನಮ್ಮ ತಾಳಗುಪ್ಪ ಮುಚ್ಚಿದೆ, ಸುಮಾರು 15 ಕಿಲೋಮೀಟರ್ ಆಚೆಯ ಸಿದ್ದಾಪುರ ತೆರೆದಿದೆ. ಶಿಕಾರಿಪುರದವರಿಗೆ ಹಿರೇಕೆರೂರು ಹಾಗೇ. ಒಂದೇ ಮಳೆ, ಒಂದೇ ತೋಟ, ಒಂದೇ ನೆಂಟಸ್ತನ, ನಿಯಮ ಬೇರೆ. ಅರ್ಥಶಾಸ್ತ್ರದವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದಿಲ್ಲ. ಎರಡೂ ಕಡೆಯ ಮುಂದಿನ ಮೂರು ವಾರದ ಪಾಸಿಟಿವ್ ಲೆಕ್ಕ ಆರೋಗ್ಯ ಇಲಾಖೆಯ ದಿನದ ಬುಲೆಟಿನ್‌ನಲ್ಲಿದೆ, ತೆಗೆದು ಪಕ್ಕಪಕ್ಕ ಇಡು. ಒಂದು ಎಚ್ಚರಿಕೆ: ನಮ್ಮ ಜಿಲ್ಲೆಯನ್ನು ಮುಚ್ಚಿಟ್ಟದ್ದೇ ಇಲ್ಲಿ ಪಾಸಿಟಿವ್ ಪ್ರಮಾಣ ಜಾಸ್ತಿ ಇದೆ ಎಂದು. ಹಾಗಾಗಿ "ಮುಚ್ಚಿದ ಜಿಲ್ಲೆಯಲ್ಲೇ ರೋಗ ಜಾಸ್ತಿ, ಲಾಕ್‌ಡೌನ್ ದಂಡ" ಎಂದು ಬರೆದೀಯ. ಜ್ವರ ಬಂದವನೇ ಮಾತ್ರೆ ನುಂಗುವುದು. ಮಾತ್ರೆಯಿಂದ ಜ್ವರ ಬಂತು ಅಂದರೆ ಹೇಗೆ?

ಆ ವಾರದ ನನ್ನ ಖರ್ಚು ಕೇಳು. ಅಡಿಕೆ ಕೊಳೆತು ಉದುರುವ ಕೊಳೆರೋಗ ತಡೆಯಲು ತೋಟಕ್ಕೆ ಔಷಧಿ ಹೊಡೆಯುವ ಹೊತ್ತು. ಮೈಲುತುತ್ತ ಇದೆ, ಸುಣ್ಣ ಇದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬರುತ್ತೇನೆ ಅಂದಿದ್ದಾನೆ. ಬ್ಯಾರಲ್ಲಿನಲ್ಲಿ ನೂರು ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ ಕದಡಿ ನೀಲಿ ಬಣ್ಣ ಬಂದಿದೆ. ಪಂಪು ಸ್ಟಾರ್ಟ್ ಮಾಡಿದರೆ ಒತ್ತಡವೇ ಏರುವುದಿಲ್ಲ. ಬಿಚ್ಚಿದರೆ ವಾಷರ್ ಹರಿದಿದೆ. ಬೆರಳಗಲದ ರಬ್ಬರ್ ಬಿಲ್ಲೆ, 40 ರೂಪಾಯಿ. ಕೃಷಿ ಕೆಲಸಕ್ಕೆ ನಿರ್ಬಂಧ ಇಲ್ಲ ಎಂದು ಆದೇಶದಲ್ಲಿದೆ, ಗೊಬ್ಬರದ ಅಂಗಡಿಯೂ ತೆರೆಯುತ್ತದೆ. ಆದರೆ ಪಂಪ್ ರಿಪೇರಿಯವನು ಬಾಗಿಲು ತೆಗೆಯಲು ಹೆದರುತ್ತಾನೆ. ಸಿದ್ದಾಪುರದಲ್ಲಿ ರಿಪೇರಿ ಅಂಗಡಿ ತೆರೆದಿದೆ ಎಂದು ಫೋನಿನಲ್ಲಿ ಗೊತ್ತಾಯಿತು, ಜಿಲ್ಲೆ ದಾಟಲು ನಮ್ಮ ಯಜಮಾನರಿಗೆ ಧೈರ್ಯ ಸಾಲಲಿಲ್ಲ. ಕದಡಿದ ದ್ರಾವಣ ಇಟ್ಟು ನಾಳೆ ಹೊಡೆಯಲು ಬರುವುದಿಲ್ಲ, ಚೆಲ್ಲಿದೆವು. ಐದು ದಿನ ಹೋಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಆಗಸ್ಟಿನಲ್ಲಿ ಮರದ ಬುಡದಲ್ಲೆಲ್ಲ ಕೊಳೆತ ಹಸಿರಡಿಕೆ. ಆ ವರ್ಷ ನಮಗೆ ಒಂದೂವರೆ ಕ್ವಿಂಟಾಲ್ ಕಡಿಮೆ. ಎಲ್ಲವನ್ನೂ ವಾಷರ್ ತಲೆಗೆ ಕಟ್ಟುವುದಿಲ್ಲ, ಮಳೆ ಜೋರಿದ್ದರೆ ಔಷಧಿ ಹೊಡೆದರೂ ಕೊಳೆ ಬರುತ್ತದೆ. ಅರ್ಧ ಅನ್ನೋಣ. ಇಂಥ ಅರ್ಧಗಳು ಯಾವ ಸರ್ಕಾರಿ ಲೆಕ್ಕದಲ್ಲೂ ಬರುವುದಿಲ್ಲ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಜಿಡಿಪಿ 23.9 ಶೇಕಡ ಕುಸಿಯಿತು ಎಂದಾಗ ಕೃಷಿ ಮಾತ್ರ 3.4 ಶೇಕಡ ಬೆಳೆದಿದೆ ಎಂದು ಪತ್ರಿಕೆಯಲ್ಲಿ ಬಂತು. ಅದೇ ಮೂರು ತಿಂಗಳಲ್ಲಿ ಸೊರಬ, ಬನವಾಸಿ ಕಡೆ ಅನಾನಸ್ ಬೆಳೆದವರು ಹಣ್ಣನ್ನು ಗದ್ದೆಯಲ್ಲೇ ಬಿಟ್ಟರು. ಅಡಿಕೆಯಾದರೆ ಚೀಲ ಕಟ್ಟಿ ಅಟ್ಟದಲ್ಲಿಟ್ಟರೆ ಕಾಯುತ್ತದೆ, ಆಮೇಲೆ ಧಾರಣೆ ಏರಿದಾಗ ಮಾರಿದೆವು. ಅನಾನಸ್ ಎಲ್ಲಿ ಕಾಯುತ್ತದೆ? ಸರಾಸರಿ ತೆಗೆದರೆ ಇಬ್ಬರೂ ಸುಖವಾಗಿದ್ದಾರೆ.

ಲಾಭದ ಕಡೆಯೂ ಹುಷಾರಾಗಿರು. ದೆಹಲಿಯಲ್ಲಿ 2021ರ ಏಪ್ರಿಲ್ 19ರ ರಾತ್ರಿಯಿಂದ ಲಾಕ್‌ಡೌನ್. ಅಲ್ಲಿ ಅತಿ ಹೆಚ್ಚು, 28,395 ಕೇಸು ಬಂದದ್ದು ಏಪ್ರಿಲ್ 20ರಂದು. ಸೋಂಕು ತಗುಲಿ, ಜ್ವರ ಬಂದು, ಪರೀಕ್ಷೆಯಾಗಿ ವರದಿ ಬರಲು ವಾರದ ಮೇಲೆ ಬೇಕು. ಅಂದರೆ ಬಾಗಿಲು ಹಾಕಿದ್ದರ ಪರಿಣಾಮ ಕಾಣುವ ಮೊದಲೇ ಏರಿಕೆ ನಿಂತಿತ್ತು. ಜನ ಹೆದರಿ ಆಗಲೇ ಮನೆ ಸೇರಿದ್ದರು ಎಂದು ನನ್ನ ಊಹೆ. ಕರ್ನಾಟಕದಲ್ಲಿ ಏಪ್ರಿಲ್ 27ಕ್ಕೆ ಮುಚ್ಚಿದರು, ಮೇ 5ಕ್ಕೆ 50,112 ಎಂಬ ತುದಿ ಮುಟ್ಟಿ ಆಮೇಲೆ ಇಳಿಯಿತು. ಇಲ್ಲಿ ನಿಯಮದ ಪಾಲು ಜಾಸ್ತಿ ಇರಬಹುದು. ಲಾಕ್‌ಡೌನ್ ಇಲ್ಲದಿದ್ದರೆ ಜನ ಮಾಮೂಲಿನಂತೆ ಜಾತ್ರೆಗೆ ಹೋಗುತ್ತಿದ್ದರು ಎಂದು ಊಹಿಸಿ ಉಳಿದ ಜೀವ ಎಣಿಸಿದರೆ ಲಾಭ ಉಬ್ಬುತ್ತದೆ. ಹೆದರಿಕೆಯಿಂದಲೇ ಅಂಗಡಿ ಖಾಲಿ ಹೊಡೆಯುತ್ತಿತ್ತು ಎಂಬುದನ್ನು ಮರೆತರೆ ನಷ್ಟವೂ ಉಬ್ಬುತ್ತದೆ. ಎರಡೂ ಕಡೆಯವರು ಈ ತಪ್ಪು ಮಾಡುತ್ತಾರೆ.

ಇನ್ನೊಂದು ಅಂಕಿ ಬರೆದುಕೋ, ಇದನ್ನು ಸೆಮಿನಾರಿನಲ್ಲಿ ಯಾರೂ ಹೇಳುವುದಿಲ್ಲ. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯ ರೋಗಿಗಳು ದಾಖಲಾದರು. 2020ರಲ್ಲಿ 18 ಲಕ್ಷ. ಕ್ಷಯ ಕಡಿಮೆಯಾದದ್ದಲ್ಲ, ಕಫ ಪರೀಕ್ಷೆಗೆ ಬರಲು ಬಸ್ಸಿರಲಿಲ್ಲ, ಬಂದರೆ ನೋಡುವವರು ಕೋವಿಡ್ ಡ್ಯೂಟಿಯಲ್ಲಿದ್ದರು.

ಮೊದಲ ಲಾಕ್‌ಡೌನ್ ಬಗ್ಗೆ ಒಂದೇ ಮಾತು. 2020ರ ಮಾರ್ಚ್ 25ರಿಂದ ಮೇ 9ರವರೆಗೆ, 46 ದಿನ, ಶಿವಮೊಗ್ಗದಲ್ಲಿ ಒಂದೂ ಕೇಸಿರಲಿಲ್ಲ, ಹಸಿರು ವಲಯ. ಮೇ 10ಕ್ಕೆ ಅಹಮದಾಬಾದಿನಿಂದ ಬಂದ ಎಂಟು ಜನರಲ್ಲಿ ಸಿಕ್ಕಿತು. ಮೊದಮೊದಲಿಗೆ ಕೇಸೇ ಇಲ್ಲದ ಜಿಲ್ಲೆಗೂ ಮುಂಬೈಗೂ ಒಂದೇ ಬೀಗ. ಆ 46 ದಿನದಲ್ಲಿ ನಾವು ಕೊಂಡದ್ದು ಸಮಯ. ಆ ಸಮಯದಲ್ಲಿ ನಮ್ಮ ತಾಲ್ಲೂಕುಗಳಿಗೆ ಎಷ್ಟು ಹಾಸಿಗೆ, ಎಷ್ಟು ಆಕ್ಸಿಜನ್ ಬಂತು ಎಂದು ಕೇಳುವುದೇ ನಿನ್ನ ಸೆಮಿನಾರಿನ ಕೊನೆ ಪುಟವಾಗಲಿ. ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿ.

ಪ್ರಶ್ನೆ: ಕೇರಳ ಮಾಡೆಲ್ ಎಂದು ಎಲ್ಲರೂ ಹೊಗಳಿದರು. 2021ರ ಆಗಸ್ಟಿನಲ್ಲಿ ನಮ್ಮಲ್ಲಿ ಕಡಿಮೆಯಾದಾಗ ಅಲ್ಲೇ ಜಾಸ್ತಿ ಬರುತ್ತಿತ್ತು. ಫೇಲಾಯಿತು ಅಂತಲೇ ಅಲ್ವಾ?
(ಬಟ್ಟೆ ವ್ಯಾಪಾರಿ, ಶಿವಮೊಗ್ಗ)

ಉತ್ತರ: ಅಲ್ಲ. ಆ ವರ್ಷ ಜೂನ್, ಜುಲೈನಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ಜನರ ರಕ್ತ ಪರೀಕ್ಷಿಸಿದರು, ಸೋಂಕು ತಗುಲಿದ ಅಥವಾ ಲಸಿಕೆ ಪಡೆದ ಮೇಲೆ ರಕ್ತದಲ್ಲಿ ಹುಟ್ಟುವ ಪ್ರತಿಕಾಯ ಎಷ್ಟು ಮಂದಿಯಲ್ಲಿದೆ ಎಂದು. ಮಧ್ಯಪ್ರದೇಶದಲ್ಲಿ 79 ಶೇಕಡ, ನಮ್ಮಲ್ಲಿ 69.8, ಕೇರಳದಲ್ಲಿ 44.4. ನಮ್ಮಲ್ಲಿ ಬೆಂಕಿ ಕಡಿಮೆಯಾದದ್ದು ಸೌದೆ ಮುಗಿದದ್ದರಿಂದ. ಅವರಲ್ಲಿ ಸೌದೆ ಇನ್ನೂ ಉಳಿದಿತ್ತು. ಆದರೆ ಅಲ್ಲಿ ತಡವಾಗಿ ಸೋಂಕು ತಗುಲಿದವರಲ್ಲಿ ಬಹಳ ಜನ ಅಷ್ಟರಲ್ಲಿ ಲಸಿಕೆ ಹಾಕಿಸಿಕೊಂಡಿದ್ದರು. ಮುಂದೂಡಿದ್ದರ ಲಾಭ ಅದು.

ಕೇರಳದವರದು ಎಲ್ಲ ಸರಿ ಎಂದೂ ಅಲ್ಲ. ಬಕ್ರೀದ್‌ಗೆ ಸಡಿಲಿಕೆ ಕೊಟ್ಟು ಸುಪ್ರೀಂ ಕೋರ್ಟಿನಿಂದ ಬೈಸಿಕೊಂಡರು. ಆದರೆ ಒಂದು ಕೆಲಸ ನನಗೆ ಹಿಡಿಸಿತು. ಇಡೀ ಜಿಲ್ಲೆಗೆ ಒಂದೇ ಬೀಗ ಹಾಕುವ ಬದಲು ಪಂಚಾಯಿತಿ, ನಗರಸಭೆ ಮಟ್ಟದಲ್ಲಿ ಪಾಸಿಟಿವ್ ಪ್ರಮಾಣ ನೋಡಿ ಎ, ಬಿ, ಸಿ, ಡಿ ಎಂದು ವಿಂಗಡಿಸಿದರು. ನಮ್ಮಲ್ಲಿ ಭದ್ರಾವತಿ ಪೇಟೆಯಲ್ಲಿ ಕೇಸು ಜಾಸ್ತಿಯಾದರೆ ತುಮರಿಯಲ್ಲಿ ಅಂಗಡಿ ಮುಚ್ಚಬೇಕಿತ್ತು, ಶರಾವತಿ ಹಿನ್ನೀರಿನ ಆಚೆ, ಆಗ ಲಾಂಚಿನಲ್ಲೇ ದಾಟಿ ಹೋಗಬೇಕಾಗಿದ್ದ ಊರಲ್ಲಿ.

ಕೇರಳದ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ನಾವು ಗಡಿ ರಸ್ತೆಗಳಿಗೆ ಮಣ್ಣು ಸುರಿದೆವು. ಕಾಸರಗೋಡಿನವರು ಆಸ್ಪತ್ರೆಗೆ ಹೋಗುವುದು ಮಂಗಳೂರಿಗೆ. ಆಂಬುಲೆನ್ಸ್ ನಿಂತಿತು, ವಿಷಯ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಲಾಭವನ್ನು ನಮ್ಮ ಪುಸ್ತಕದಲ್ಲಿ ಬರೆದುಕೊಂಡು ನಷ್ಟವನ್ನು ಪಕ್ಕದ ಮನೆಯ ಪುಸ್ತಕಕ್ಕೆ ತಳ್ಳಿದ್ದು ಅದು. ನಾನು ಆಗ ಅದನ್ನು ಸರಿ ಅಂದಿದ್ದೆ. ಈಗ ಅನ್ನುವುದಿಲ್ಲ.

ಪ್ರಶ್ನೆ: ನಾನು ಆಟೋ ಓಡಿಸುವವನು. ಎರಡು ಸಲ ಪರಿಹಾರ ಕೊಟ್ಟರು ಅಂತ ದೊಡ್ಡದಾಗಿ ಹೇಳುತ್ತಾರೆ. ಅದರಲ್ಲಿ ಏನು ಬಂತು ಮೇಡಂ?
(ಆಟೋ ಚಾಲಕ, ಶಿವಮೊಗ್ಗ ಬಸ್ ಸ್ಟ್ಯಾಂಡ್)

ಉತ್ತರ: 2020ರಲ್ಲಿ 5,000 ರೂಪಾಯಿ, 2021ರಲ್ಲಿ 3,000. ಎರಡನೇ ಸಲ ಮುಚ್ಚಿದ್ದು ಏಪ್ರಿಲ್ 27ರಿಂದ ಜೂನ್ 20ರವರೆಗೆ, 55 ದಿನ. 3,000ವನ್ನು 55ಕ್ಕೆ ಭಾಗಿಸಿ. ದಿನಕ್ಕೆ 54 ರೂಪಾಯಿ ಚಿಲ್ಲರೆ.

ಅದಕ್ಕಿಂತ ದೊಡ್ಡ ಪೆಟ್ಟು ಸಾಲದ ಕಂತಿನದು. 2020ರಲ್ಲಿ ರಿಸರ್ವ್ ಬ್ಯಾಂಕ್ ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಬಿಟ್ಟಿತು. ಬಡ್ಡಿ ನಿಲ್ಲಲಿಲ್ಲ, ಬಡ್ಡಿಯ ಮೇಲಿನ ಬಡ್ಡಿಯನ್ನಷ್ಟೇ ಆಮೇಲೆ ಮನ್ನಾ ಮಾಡಿದರು. 2021ರಲ್ಲಿ ಎಲ್ಲರಿಗೂ ಅನ್ವಯಿಸುವ ಆ ಸೌಲಭ್ಯವೂ ಇರಲಿಲ್ಲ. ನನಗೆ ಪ್ರತಿ ತಿಂಗಳು ಒಂದನೇ ತಾರೀಖು ಪೆನ್ಷನ್ ಬಂತು. ನಾನು "ಇನ್ನೂ ಹದಿನೈದು ದಿನ ಮುಚ್ಚಲಿ" ಅನ್ನುತ್ತಿದ್ದೆ. ನಿಮ್ಮ ಕಂತಿನ ಮೇಲೆ ನಿಂತು ಹೇಳಿದ ಮಾತು ಅದು, ಒಪ್ಪುತ್ತೇನೆ.

ಪ್ರಶ್ನೆ: ನಮ್ಮದು ಏಕೋಪಾಧ್ಯಾಯ ಶಾಲೆ, 14 ಮಕ್ಕಳು. ಶಾಲೆ ಮುಚ್ಚಿದ್ದರಿಂದ ಎಷ್ಟು ನಷ್ಟ ಎಂದು ರೂಪಾಯಿಯಲ್ಲಿ ಹೇಳಲು ಸಾಧ್ಯವೇ?
(ಶಿಕ್ಷಕಿ, ಹೊಸನಗರ ತಾಲ್ಲೂಕು)

ಉತ್ತರ: ಹೇಳುವವರಿದ್ದಾರೆ, ಮುಂದೆ ಆ ಮಗು ದುಡಿಯುವ ಸಂಬಳದಲ್ಲಿ ಇಷ್ಟು ಕಡಿತ ಎಂದು. ನನಗೆ ನಂಬಿಕೆ ಸಾಲದು. ತಿಂಗಳಲ್ಲಿ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ಡೆನ್ಮಾರ್ಕಿನಲ್ಲಿ ಚಿಕ್ಕ ಮಕ್ಕಳ ಶಾಲೆ 2020ರ ಏಪ್ರಿಲ್ 15ಕ್ಕೇ ತೆರೆದಿತ್ತು, ಎಲ್ಲಕ್ಕಿಂತ ಮೊದಲು. ನಮ್ಮಲ್ಲಿ ಸಿನಿಮಾ ಮಂದಿರ, ಹೋಟೆಲು, ಚುನಾವಣೆ ಎಲ್ಲ ಮುಗಿದ ಮೇಲೆ ಕೊನೆಗೆ ಅವರ ಸರದಿ.

ನಮ್ಮ ಪಕ್ಕದ ಮನೆಯ ಹುಡುಗಿ ಒಂದನೇ ಕ್ಲಾಸು ಮುಗಿಸುವ ಹೊತ್ತಿಗೆ ಬೀಗ ಬಿತ್ತು. ಮೂರನೇ ಕ್ಲಾಸಿಗೆ ವಾಪಸ್ ಹೋದಳು. ಒಂದು ದಿನ ನಮ್ಮ ಜಗಲಿಯಲ್ಲಿ ಕೂರಿಸಿ "ತೆಂಗಿನಮರ" ಬರೆ ಅಂದೆ. "ತ" ಬರೆದಳು. ಎತ್ವ ಎಲ್ಲಿ ಹಾಕುವುದು ಎಂದು ಸೀಸದಕಡ್ಡಿ ಗಾಳಿಯಲ್ಲಿ ತಿರುಗಿಸಿದಳು. ಆಮೇಲೆ ಪುಸ್ತಕದ ಮೇಲೆ ಕೈ ಮುಚ್ಚಿಕೊಂಡಳು, ನಾನು ನೋಡಬಾರದು ಎಂದು. ಅವರಮ್ಮ ಕೂಲಿಗೆ ಹೋಗುವವರು. ಮನೆಗೆ ಒಂದೇ ಫೋನು, ಅದಕ್ಕೂ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ದೊಡ್ಡ ಮಕ್ಕಳು ಮಳೆಗೆ ಗೊರಬು ಹೊದ್ದು ಹತ್ತಿ ಕೂರುತ್ತಿದ್ದರು. ಆರು ವರ್ಷದವಳನ್ನು ಯಾರು ಹತ್ತಿಸುತ್ತಾರೆ? ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಇಡೀ ದೇಶದ ಹಳ್ಳಿಗಳ ಲೆಕ್ಕ ಇದೆ. ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ನೂರಕ್ಕೆ 27 ಇದ್ದರು. 2022ರಲ್ಲಿ 20ರ ಆಸುಪಾಸು.

ನಿಮ್ಮ ಶಾಲೆಯ 14 ಮಕ್ಕಳು ಮಧ್ಯಾಹ್ನ ಒಂದೇ ಅಂಗಳದಲ್ಲಿ ಒಟ್ಟಿಗೆ ಆಡುತ್ತಲೇ ಇದ್ದರು, ಒಂದೇ ಕೆರೆಯಲ್ಲಿ ಈಜುತ್ತಿದ್ದರು. ಪಾಠ ಮಾತ್ರ ನಿಂತಿತ್ತು. ರೋಗ ತಡೆದ ಲಾಭ ಹೆಚ್ಚು ಕಡಿಮೆ ಸೊನ್ನೆ, ಖರ್ಚು ಪೂರ್ತಿ. ವಿದ್ಯಾಗಮ ಎಂದು ಜಗಲಿ, ಮರದಡಿ ಪಾಠ ಶುರುವಾದಾಗ ನನಗೆ ಸಮಾಧಾನವಾಗಿತ್ತು. 2020ರ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಹಾಗೆಂದು ಎಲ್ಲ ತಪ್ಪು ಮಾಡಿದರು ಅನ್ನಲಾರೆ. ಆ ವರ್ಷ ತಮಿಳುನಾಡು, ತೆಲಂಗಾಣದವರು ಹತ್ತನೇ ಪರೀಕ್ಷೆ ಬಿಟ್ಟರು. ನಮ್ಮಲ್ಲಿ ಜೂನ್ 25ರಿಂದ ಎಂಟು ಲಕ್ಷದಷ್ಟು ಮಕ್ಕಳನ್ನು ದೂರ ದೂರ ಕೂರಿಸಿ ಬರೆಸಿದರು. ಎಲ್ಲರೂ ಬೈದರು, ನಾನೂ ಬೈದೆ. ನಡೆಯಿತು. ಪರೀಕ್ಷೆ ನಡೆಸಲು ಇದ್ದ ಹಟ ಒಂದನೇ ಕ್ಲಾಸು ನಡೆಸಲು ಯಾಕಿರಲಿಲ್ಲ ಎಂಬುದೇ ನನ್ನ ತಕರಾರು.

ಪ್ರಶ್ನೆ: ದೇವಸ್ಥಾನ ಮುಚ್ಚಿ, ಶಾಲೆ ಮುಚ್ಚಿ, ಬಾರ್ ಮೊದಲು ತೆಗೆದದ್ದು ಯಾವ ಲಾಭನಷ್ಟದ ಲೆಕ್ಕ?
(ಅರ್ಚಕರು, ಕೆಳದಿ ಹತ್ತಿರ)

ಉತ್ತರ: ಬಾರಲ್ಲ ಭಟ್ಟರೇ, ಆಗ ತೆಗೆದದ್ದು ಮದ್ಯದಂಗಡಿ. ಕುಳಿತು ಕುಡಿಯುವಂತಿಲ್ಲ, ಒಯ್ಯಬಹುದು. 2020ರ ಮೇ 4. ಮೊದಲ ದಿನವೇ 45 ಕೋಟಿ ರೂಪಾಯಿಯ ವ್ಯಾಪಾರ. ಲೆಕ್ಕ ಸರಳ: ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನಾಗಿ ತೆರಿಗೆ ಹಾಕಬಹುದಾದ ದೊಡ್ಡ ಬಾಬತ್ತು ಅಂದರೆ ಮದ್ಯ, ಪೆಟ್ರೋಲು, ಆಸ್ತಿ ನೋಂದಣಿ. ಆಗ ಗಾಡಿಯೂ ಓಡುತ್ತಿರಲಿಲ್ಲ, ಜಾಗವೂ ಮಾರಾಟವಾಗುತ್ತಿರಲಿಲ್ಲ. ಹುಂಡಿ ದುಡ್ಡು ಖಜಾನೆಗೆ ಹೋಗುವಂಥದ್ದಲ್ಲ.

ಪ್ರಶ್ನೆ: ಪ್ಲೇಗ್ ಬಂದಾಗ ಊರಿಗೆ ಊರೇ ಖಾಲಿ ಮಾಡಿ ಬಯಲಲ್ಲಿ ಗುಡಿಸಲು ಹಾಕುತ್ತಿದ್ದರು ಎಂದು ನಮ್ಮಜ್ಜ ಹೇಳುತ್ತಿದ್ದರು. ಮನೆಯೊಳಗೆ ಕೂರಿಸುವುದಕ್ಕಿಂತ ಅದೇ ವಾಸಿ ಅಲ್ಲವೇ?
(ಹಿರಿಯ ಓದುಗರು, ಆಗುಂಬೆ)

ಉತ್ತರ: ಅಜ್ಜನ ಕಾಲಕ್ಕೆ ಅದು ಸರಿಯೇ. ಪ್ಲೇಗು ಇಲಿ ಮೈಮೇಲಿನ ಚಿಗಟದಿಂದ ಹರಡುವುದು. ಮನೆ ಬಿಟ್ಟರೆ ಇಲಿ ಬಿಟ್ಟ ಹಾಗೆ. ಕೋವಿಡ್ಡಿನಲ್ಲಿ ಮನುಷ್ಯರೇ ಇಲಿ, ಒಂದೇ ಬಚ್ಚಲು ಇರುವ ಮನೆಯಲ್ಲಿ ಒಬ್ಬನಿಗೆ ಬಂದು ಉಳಿದ ಆರು ಜನಕ್ಕೂ ಬಂದದ್ದನ್ನು ನೋಡಿದ್ದೇವೆ. ಇನ್ನೊಂದು ತಮಾಷೆ: 2020ರಲ್ಲಿ ನಮ್ಮ ಮೇಲೆ ಹೇರಿದ ಸಾಂಕ್ರಾಮಿಕ ರೋಗಗಳ ಕಾಯ್ದೆಗಳಲ್ಲಿ ಒಂದು 1897ರದು. ಬೊಂಬಾಯಿ ಪ್ಲೇಗಿಗೆಂದು ಬ್ರಿಟಿಷರು ಮಾಡಿದ್ದು.

ನಮ್ಮ ಕಡೆಯದೇ ಉದಾಹರಣೆ ಬೇಕಾದರೆ ಮಂಗನ ಕಾಯಿಲೆ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು, ಅದಕ್ಕೇ ಪ್ರಪಂಚವೆಲ್ಲ ಆ ಊರಿನ ಹೆಸರಿನಿಂದ ಕರೆಯುತ್ತದೆ. ಮಂಗ ಸತ್ತ ಜಾಗದ ಸುತ್ತ 50 ಮೀಟರ್ ಉಣುಗು ಕೊಲ್ಲುವ ಪುಡಿ ಹೊಡೆಯುತ್ತಾರೆ. ಜಿಲ್ಲೆಗೆ ಬೀಗ ಹಾಕುವುದಿಲ್ಲ. ಆದರೆ ಈ ಅಳತೆಯನ್ನು ಕೋವಿಡ್ಡಿಗೆ ತರಲು ಬರುವುದಿಲ್ಲ. ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಉಣುಗು ರೈಲು ಹತ್ತಿ ಅಹಮದಾಬಾದಿಗೆ ಹೋಗಿ ಬರುವುದಿಲ್ಲ.

ಅದರಲ್ಲೂ ಖರ್ಚಿದೆ. ಬೇಸಿಗೆಯಲ್ಲಿ ಕಾಡಿಗೆ ಹೋಗಬೇಡಿ ಎಂದು ಇಲಾಖೆಯವರು ಹೇಳುತ್ತಾರೆ. ಕೊಟ್ಟಿಗೆಗೆ ಹಾಸುವ ಒಣ ಎಲೆ, ಅಂದರೆ ದರಗು, ಗುಡಿಸುವ ಕಾಲವೂ ಅದೇ. ದರಗಿಲ್ಲದೆ ಕೊಟ್ಟಿಗೆ ಇಲ್ಲ, ಕೊಟ್ಟಿಗೆ ಇಲ್ಲದೆ ಗೊಬ್ಬರ ಇಲ್ಲ. ಹಾಗಾಗಿ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಟ್ಟರು. ನಮ್ಮತ್ತೆ ಆ ಬಾಟಲಿ ಹಿಡಿದು, ಮೂಗು ಸಿಂಡರಿಸಿಕೊಂಡು, ಮೊಣಕಾಲಿನವರೆಗೂ ಬಳಿದುಕೊಂಡು ಹೋಗುತ್ತಿದ್ದರು. ಬಂದ ಮೇಲೆ ಹಂಡೆ ನೀರಿನ ಸ್ನಾನ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆಯಿಂದ ಸತ್ತವರ ಸುದ್ದಿಗಳು ಬಂದ ಮೇಲೆ ನಾನೇ ಅವರನ್ನು ತಡೆದೆ. ಆ ವರ್ಷ ದರಗನ್ನು ದುಡ್ಡು ಕೊಟ್ಟು ತರಿಸಿದೆವು, ಒಂದು ಲೋಡಿಗೆ 1,800 ರೂಪಾಯಿ. ಪುಸ್ತಕದಲ್ಲಿ ಬರೆದಿದ್ದೇನೆ. ಅದನ್ನು ಕಾಡಿನಲ್ಲಿ ಗುಡಿಸಿದವರು ಯಾರು ಎಂದು ನಾನು ಆಗ ಕೇಳಲಿಲ್ಲ.